ಐದು ವರ್ಷ ಬೀಗ ಬಿದ್ದ ಶಾಲೆಗಳು: ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಇತಿಹಾಸ

ಅಮೆರಿಕ ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು, ವಾಷಿಂಗ್ಟನ್ನಿನ ಶ್ವೇತಭವನ ಬಂದು ನಿಲ್ಲುತ್ತವೆ. ಆದರೆ ಯಾವುದೇ ದೇಶವನ್ನು ಸರಿಯಾಗಿ ಅರಿಯಬೇಕಾದರೆ ಅದರ ರಾಜಧಾನಿಯನ್ನು ನೋಡಿದರೆ ಸಾಲದು, ಅದರ ಸಣ್ಣ ಊರುಗಳ ಚರಿತ್ರೆಯನ್ನೂ ಓದಬೇಕು. ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಅಂಥದೊಂದು ಪ್ರದೇಶ. ಅಲ್ಲಿ ದೊಡ್ಡ ನಗರವಿಲ್ಲ, ಹೆಸರಾಂತ ಕಾರ್ಖಾನೆಯಿಲ್ಲ. ಆದರೂ ಶಿಕ್ಷಣದ ಬಗ್ಗೆ ಕಾಳಜಿ ಇರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಘಟನೆಯೊಂದು ಅಲ್ಲಿ ನಡೆಯಿತು. 1959ರಿಂದ 1964ರವರೆಗೆ, ಪೂರ್ತಿ ಐದು ವರ್ಷ, ಆ ಕೌಂಟಿಯ ಆಡಳಿತವು ತನ್ನ ಸಾರ್ವಜನಿಕ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟಿತ್ತು.

ನೆಲ ಮತ್ತು ಜನ

ಅಮೆರಿಕದ ರಾಜ್ಯಗಳನ್ನು ಆಡಳಿತದ ಅನುಕೂಲಕ್ಕಾಗಿ ಕೌಂಟಿಗಳಾಗಿ ವಿಂಗಡಿಸಲಾಗಿದೆ. ವರ್ಜೀನಿಯಾದಲ್ಲಿ 95 ಕೌಂಟಿಗಳಿವೆ. ಪ್ರಿನ್ಸ್ ಎಡ್ವರ್ಡ್ ಕೌಂಟಿಯು ರಾಜ್ಯದ ದಕ್ಷಿಣ ಭಾಗದಲ್ಲಿ, ರಾಜಧಾನಿ ರಿಚ್ಮಂಡ್‌ನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ವಿಸ್ತೀರ್ಣ ಸುಮಾರು 900 ಚದರ ಕಿಲೋಮೀಟರ್. ಏರಿಳಿತದ ನೆಲ, ಕಾಡು, ಹೊಲಗಳು. ಉತ್ತರದ ಗಡಿಯಲ್ಲಿ ಅಪೊಮ್ಯಾಟಾಕ್ಸ್ ನದಿ ಹರಿಯುತ್ತದೆ. ಆ ನದಿಯ ದಡದಲ್ಲಿರುವ ಫಾರ್ಮ್‌ವಿಲ್ ಪಟ್ಟಣವೇ ಕೌಂಟಿಯ ಕೇಂದ್ರ ಸ್ಥಳ. ಬಹುಕಾಲ ಇಲ್ಲಿನ ಮುಖ್ಯ ಬೆಳೆ ಹೊಗೆಸೊಪ್ಪು.

1950ರಲ್ಲಿ ಇಲ್ಲಿನ ಜನಸಂಖ್ಯೆ 15,398. 2010ರ ಜನಗಣತಿಯಲ್ಲಿ ಅದು 23,368ಕ್ಕೆ ಏರಿ, 2020ರಲ್ಲಿ 21,849ಕ್ಕೆ ಇಳಿಯಿತು. ಇಂದು ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೆ ಹತ್ತಿರದಷ್ಟು ಜನರು ಕಪ್ಪು ಜನಾಂಗದವರು. ಅಂತರ್ಯುದ್ಧಕ್ಕೆ ಮೊದಲು ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಗುಲಾಮರಾಗಿದ್ದರು. ಹೊಗೆಸೊಪ್ಪಿನ ತೋಟಗಳು ನಡೆಯುತ್ತಿದ್ದುದು ಅವರ ದುಡಿಮೆಯಿಂದ.

ಹಿಂದಿನ ಚರಿತ್ರೆ

ಬ್ರಿಟಿಷರ ಕಾಲದಲ್ಲಿ, 1754ರಲ್ಲಿ, ಅಮೀಲಿಯಾ ಕೌಂಟಿಯನ್ನು ವಿಭಾಗಿಸಿ ಈ ಕೌಂಟಿಯನ್ನು ರಚಿಸಲಾಯಿತು. ಮುಂದೆ ಇಂಗ್ಲೆಂಡಿನ ದೊರೆಯಾದ ಮೂರನೇ ಜಾರ್ಜ್‌ನ ತಮ್ಮ ರಾಜಕುಮಾರ ಎಡ್ವರ್ಡ್‌ನ ಹೆಸರನ್ನು ಇದಕ್ಕೆ ಇಡಲಾಯಿತು. ಅಮೆರಿಕ ಸ್ವತಂತ್ರವಾಗುವ ಮೊದಲೇ, 1775ರಲ್ಲಿ, ಇಲ್ಲಿ ಹ್ಯಾಂಪ್ಡನ್-ಸಿಡ್ನಿ ಕಾಲೇಜು ಆರಂಭವಾಯಿತು. ಸ್ವಾತಂತ್ರ್ಯ ಹೋರಾಟದ ನಾಯಕ ಪ್ಯಾಟ್ರಿಕ್ ಹೆನ್ರಿ ಮತ್ತು ಮುಂದೆ ರಾಷ್ಟ್ರಾಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಅದರ ಮೊದಲ ಧರ್ಮದರ್ಶಿಗಳಲ್ಲಿ ಇದ್ದರು. 1839ರಲ್ಲಿ ಫಾರ್ಮ್‌ವಿಲ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ವಿದ್ಯಾಲಯವು ಇಂದು ಲಾಂಗ್‌ವುಡ್ ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ಇಲ್ಲಿನ ಕಪ್ಪು ಜನರ ಚರಿತ್ರೆಯಲ್ಲೂ ಹೆಮ್ಮೆಯ ಪುಟಗಳಿವೆ. ರಿಚರ್ಡ್ ರಾಂಡಾಲ್ಫ್ ಎಂಬ ಜಮೀನುದಾರನು 1796ರಲ್ಲಿ ತೀರಿಕೊಳ್ಳುವ ಮುನ್ನ, ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಅವರಿಗೆ ಭೂಮಿ ಕೊಡಬೇಕೆಂದು ಉಯಿಲು ಬರೆದಿಟ್ಟಿದ್ದನು. ಅದು ಜಾರಿಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಕೊನೆಗೆ ಸುಮಾರು 90 ಜನರು ಸ್ವತಂತ್ರರಾಗಿ ಫಾರ್ಮ್‌ವಿಲ್ ಬಳಿ ‘ಇಸ್ರೇಲ್ ಹಿಲ್’ ಎಂಬ ತಮ್ಮದೇ ಊರನ್ನು ಕಟ್ಟಿಕೊಂಡರು. ಗುಲಾಮಗಿರಿ ನಡೆಯುತ್ತಿದ್ದ ನೆಲದಲ್ಲೇ ಅವರು ರೈತರಾಗಿ, ಕಸುಬುದಾರರಾಗಿ, ನದಿಯಲ್ಲಿ ದೋಣಿ ನಡೆಸುವವರಾಗಿ ಬಾಳಿದರು.

ಅಂತರ್ಯುದ್ಧದ ಕೊನೆಯ ದಿನಗಳನ್ನೂ ಈ ಕೌಂಟಿ ಕಂಡಿತು. 1865ರ ಏಪ್ರಿಲ್ 6ರಂದು ಸೇಲರ್ಸ್ ಕ್ರೀಕ್ ಬಳಿ ದಕ್ಷಿಣದ ಸೈನ್ಯಕ್ಕೆ ಭಾರೀ ಸೋಲಾಯಿತು. ಮರುದಿನ ಉತ್ತರದ ಸೇನಾಪತಿ ಗ್ರಾಂಟ್, ದಕ್ಷಿಣದ ಸೇನಾಪತಿ ರಾಬರ್ಟ್ ಲೀಗೆ ಶರಣಾಗುವಂತೆ ಮೊದಲ ಪತ್ರ ಬರೆದದ್ದು ಫಾರ್ಮ್‌ವಿಲ್‌ನಿಂದಲೇ. ಏಪ್ರಿಲ್ 9ರಂದು ಲೀ ಶರಣಾದನು. ಅದೇ ವರ್ಷ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಕೆಲವು ದಶಕಗಳಲ್ಲೇ ವರ್ಣಭೇದದ ಕಾನೂನುಗಳು ಬಂದವು. ಬಿಳಿಯ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿ ಬೇರೂರಿತು.

ಆಡಳಿತ ಮತ್ತು ಹಣದ ಬೀಗದ ಕೈ

ಮುಂದಿನ ಘಟನೆ ಅರ್ಥವಾಗಬೇಕಾದರೆ ಕೌಂಟಿಯ ಆಡಳಿತವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಜನರು ಚುನಾಯಿಸುವ ಮೇಲ್ವಿಚಾರಕರ ಮಂಡಳಿಯೇ ಕೌಂಟಿಯ ಸರ್ಕಾರ. ತೆರಿಗೆ ವಿಧಿಸುವುದು, ಬಜೆಟ್ ಮಂಜೂರು ಮಾಡುವುದು ಅದರ ಅಧಿಕಾರ. ಶೆರಿಫ್, ಖಜಾಂಚಿ, ಸರ್ಕಾರಿ ವಕೀಲ ಮುಂತಾದವರನ್ನೂ ಜನರೇ ಆರಿಸುತ್ತಾರೆ. ಶಾಲೆಗಳನ್ನು ನಡೆಸಲು ಪ್ರತ್ಯೇಕ ಶಾಲಾ ಮಂಡಳಿ ಇರುತ್ತದೆ. ಆದರೆ ವರ್ಜೀನಿಯಾದಲ್ಲಿ ಶಾಲಾ ಮಂಡಳಿಗೆ ಸ್ವಂತವಾಗಿ ತೆರಿಗೆ ಹಾಕುವ ಅಧಿಕಾರವಿಲ್ಲ. ಸ್ಥಳೀಯ ಹಣ ಮೇಲ್ವಿಚಾರಕರ ಮಂಡಳಿಯಿಂದಲೇ ಬರಬೇಕು. ಶಾಲೆ ನಡೆಸುವವರು ಒಬ್ಬರು, ಹಣದ ಪೆಟ್ಟಿಗೆಯ ಬೀಗದ ಕೈ ಇನ್ನೊಬ್ಬರ ಬಳಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ವಿದ್ಯಾರ್ಥಿಗಳು ಎದ್ದು ನಿಂತ ದಿನ

1939ರಲ್ಲಿ ಫಾರ್ಮ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗಾಗಿ ಮೋಟನ್ ಹೈಸ್ಕೂಲ್ ಕಟ್ಟಲಾಯಿತು. ಇದೇ ಕೌಂಟಿಯಲ್ಲಿ ಬೆಳೆದು, ಟಸ್ಕೀಗಿ ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ರಾಬರ್ಟ್ ರಸ್ಸಾ ಮೋಟನ್ ಅವರ ಹೆಸರು ಅದಕ್ಕೆ. ಕಟ್ಟಡವು 180 ಮಕ್ಕಳಿಗೆಂದು ಕಟ್ಟಿದ್ದು. 1951ರ ಹೊತ್ತಿಗೆ ಅಲ್ಲಿ 450ಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಪ್ರಯೋಗಾಲಯವಿಲ್ಲ, ವ್ಯಾಯಾಮಶಾಲೆಯಿಲ್ಲ, ಊಟದ ಕೋಣೆಯಿಲ್ಲ. ಹೊಸ ಕೊಠಡಿಗಳನ್ನು ಕಟ್ಟುವ ಬದಲು ಅಧಿಕಾರಿಗಳು ಆವರಣದಲ್ಲಿ ಟಾರು ಕಾಗದ ಹೊದಿಸಿದ ಶೆಡ್ಡುಗಳನ್ನು ಹಾಕಿಸಿದರು. ಮಳೆ ಬಂದರೆ ಅವು ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಪಕ್ಕ ಕುಳಿತವರಿಗೆ ಸೆಕೆ, ದೂರ ಕುಳಿತವರಿಗೆ ನಡುಕ.

ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ವಿದ್ಯಾರ್ಥಿನಿ ತನ್ನ ಸಂಗೀತ ಶಿಕ್ಷಕಿ ಐನೆಜ್ ಡ್ಯಾವೆನ್‌ಪೋರ್ಟ್ ಅವರ ಬಳಿ ಈ ಸ್ಥಿತಿಯ ಬಗ್ಗೆ ಬೇಸರ ತೋಡಿಕೊಂಡಳು. ನೀನೇ ಏನಾದರೂ ಏಕೆ ಮಾಡಬಾರದು ಎಂದು ಶಿಕ್ಷಕಿ ಕೇಳಿದರು. ಆ ಪ್ರಶ್ನೆ ಹುಡುಗಿಯ ಮನಸ್ಸಿನಲ್ಲಿ ಉಳಿಯಿತು. 1951ರ ಏಪ್ರಿಲ್ 23ರಂದು ಆಕೆ ಮತ್ತು ಆಕೆಯ ಸಂಗಡಿಗರು ಮುಖ್ಯೋಪಾಧ್ಯಾಯರನ್ನು ಒಂದು ನೆಪದ ಮೇಲೆ ಹೊರಗೆ ಕಳುಹಿಸಿ, ಎಲ್ಲ ಮಕ್ಕಳನ್ನೂ ಸಭಾಂಗಣಕ್ಕೆ ಕರೆಸಿದರು. ಶಿಕ್ಷಕರನ್ನು ಹೊರಗೆ ಹೋಗುವಂತೆ ಕೇಳಿಕೊಂಡು, ಬಾರ್ಬರಾ ವೇದಿಕೆಯ ಮೇಲೆ ನಿಂತು ಮಾತನಾಡಿದಳು. ಶಾಲೆಗೆ ಶಾಲೆಯೇ ಮುಷ್ಕರ ಹೂಡಿತು. ಅದು ಎರಡು ವಾರ ನಡೆಯಿತು.

ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಮಕ್ಕಳ ಬೆನ್ನಿಗೆ ನಿಂತರು. ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಎಂಬ ವಕೀಲರು ಬಂದರು. ಹೊಸ ಕಟ್ಟಡ ಕೇಳುವುದಾದರೆ ನಾವು ವಾದಿಸುವುದಿಲ್ಲ, ಪ್ರತ್ಯೇಕ ಶಾಲೆಯ ಪದ್ಧತಿಯೇ ಹೋಗಬೇಕೆಂದರೆ ವಾದಿಸುತ್ತೇವೆ ಎಂಬುದು ಅವರ ನಿಲುವು. ಮಕ್ಕಳೂ ತಂದೆತಾಯಿಯರೂ ಒಪ್ಪಿದರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ದಾವೆ ದಾಖಲಾಯಿತು. ಅದನ್ನು ಇನ್ನೂ ನಾಲ್ಕು ದಾವೆಗಳೊಂದಿಗೆ ಸೇರಿಸಿ ಸುಪ್ರೀಂ ಕೋರ್ಟ್ 1954ರ ಮೇ 17ರಂದು ‘ಬ್ರೌನ್ ಪ್ರಕರಣ’ದ ಹೆಸರಾಂತ ತೀರ್ಪು ನೀಡಿತು. ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಆಧಾರದ ಮೇಲೆ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಾರಿತು. ಆ ಐದು ದಾವೆಗಳಲ್ಲಿ ವಿದ್ಯಾರ್ಥಿಗಳೇ ಆರಂಭಿಸಿದ್ದು ಪ್ರಿನ್ಸ್ ಎಡ್ವರ್ಡ್‌ನ ದಾವೆಯೊಂದೇ.

ಗೊತ್ತುವಳಿಯೊಂದರಿಂದ ಶಾಲೆ ಮುಚ್ಚಿತು

ತೀರ್ಪು ಬಂತು, ಆದರೆ ಜಾರಿಗೆ ಬರಲಿಲ್ಲ. ಸೆನೆಟರ್ ಹ್ಯಾರಿ ಬರ್ಡ್ ನಾಯಕತ್ವದಲ್ಲಿ ವರ್ಜೀನಿಯಾ ಅದನ್ನು ಶಕ್ತಿಮೀರಿ ವಿರೋಧಿಸಿತು. 1958ರಲ್ಲಿ ರಾಜ್ಯ ಸರ್ಕಾರವು ನಾರ್ಫೋಕ್ ಮುಂತಾದ ಕಡೆ ಕೆಲವು ಶಾಲೆಗಳನ್ನು ಮುಚ್ಚಿಸಿತು. ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದ್ದರಿಂದ ಅವು 1959ರ ಆರಂಭದಲ್ಲಿ ಮತ್ತೆ ತೆರೆದವು. ಪ್ರಿನ್ಸ್ ಎಡ್ವರ್ಡ್ ಮಾತ್ರ ಬೇರೆ ದಾರಿ ಹಿಡಿಯಿತು. ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಓದುವ ಶಾಲೆಯನ್ನು ನಡೆಸುವುದಿಲ್ಲವೆಂದು ಅಲ್ಲಿನ ಮೇಲ್ವಿಚಾರಕರ ಮಂಡಳಿ 1956ರಲ್ಲೇ ಗೊತ್ತುವಳಿ ಮಾಡಿತ್ತು. 1959ರ ಸೆಪ್ಟೆಂಬರ್‌ನಿಂದ ಮಕ್ಕಳನ್ನು ಒಟ್ಟಿಗೆ ಸೇರಿಸಿಕೊಳ್ಳಬೇಕೆಂದು ನ್ಯಾಯಾಲಯ ಆದೇಶಿಸಿದಾಗ, ಮಂಡಳಿಯು ಶಾಲಾ ತೆರಿಗೆ ವಿಧಿಸುವುದನ್ನೇ ನಿಲ್ಲಿಸಿತು. ಬೆಂಕಿ ಹಚ್ಚಲಿಲ್ಲ, ಕಲ್ಲು ತೂರಲಿಲ್ಲ. ಬಜೆಟ್ಟಿನಲ್ಲಿ ಶಾಲೆಗೆ ಹಣ ಇಡಲಿಲ್ಲ, ಅಷ್ಟೆ. ಶಾಲೆಗಳಿಗೆ ಬೀಗ ಬಿತ್ತು.

ಬಿಳಿಯರು ತಮ್ಮ ಮಕ್ಕಳಿಗಾಗಿ ಕೂಡಲೇ ಖಾಸಗಿ ಶಾಲೆಯೊಂದನ್ನು ತೆರೆದರು. ಮರುವರ್ಷದಿಂದ ರಾಜ್ಯ ಮತ್ತು ಕೌಂಟಿಯ ಶುಲ್ಕ ನೆರವೂ ಆ ಮಕ್ಕಳಿಗೆ ದೊರೆಯಿತು. 1961ರಲ್ಲಿ ನ್ಯಾಯಾಲಯ ಆ ನೆರವನ್ನು ತಡೆಯಿತು. ಇತ್ತ ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲವಾಯಿತು. ಶುಲ್ಕ ಕೊಡಲಾಗದ ಕೆಲವು ಬಡ ಬಿಳಿಯ ಮಕ್ಕಳಿಗೂ ಇದೇ ಗತಿಯಾಯಿತು. ಕೆಲವು ಮಕ್ಕಳನ್ನು ಪಕ್ಕದ ಕೌಂಟಿಯ ಬಂಧುಗಳ ಮನೆಗೆ ಕಳುಹಿಸಲಾಯಿತು. ದೊಡ್ಡ ತರಗತಿಯ ಕೆಲವರು ನಾರ್ತ್ ಕೆರೊಲಿನಾದ ಕಿಟ್ರೆಲ್ ಕಾಲೇಜಿಗೆ ಹೋದರು. ಕ್ವೇಕರ್ ಪಂಥದ ಸೇವಾ ಸಂಸ್ಥೆಯೊಂದು ಇನ್ನು ಕೆಲವರನ್ನು ಬೇರೆ ರಾಜ್ಯಗಳ ಕುಟುಂಬಗಳಲ್ಲಿ ಇರಿಸಿ ಓದಿಸಿತು. ಚರ್ಚಿನ ನೆಲಮಾಳಿಗೆಗಳಲ್ಲಿ ತಾಯಂದಿರು, ನಿವೃತ್ತ ಶಿಕ್ಷಕಿಯರು ಅಕ್ಷರ ಕಲಿಸಿದರು. ಉಳಿದ ಮಕ್ಕಳು ಹೊಲದ ಕೆಲಸಕ್ಕೆ ಹೋದರು. 1775ರಲ್ಲೇ ಕಾಲೇಜು ತೆರೆದಿದ್ದ ನೆಲದಲ್ಲಿ ಆರು ವರ್ಷದ ಮಗುವಿಗೆ ಒಂದನೇ ತರಗತಿ ಇರಲಿಲ್ಲ.

1963ರ ಸೆಪ್ಟೆಂಬರ್‌ನಲ್ಲಿ, ಕೆನಡಿ ಸರ್ಕಾರದ ಪ್ರೋತ್ಸಾಹದಿಂದ, ದೇಣಿಗೆಯ ಹಣದಲ್ಲಿ ‘ಫ್ರೀ ಸ್ಕೂಲ್’ಗಳು ಆರಂಭವಾದವು. ಅವುಗಳ ಮುಖ್ಯಸ್ಥರಾಗಿ ನ್ಯೂಯಾರ್ಕ್ ರಾಜ್ಯದಿಂದ ನೀಲ್ ಸಲಿವನ್ ಬಂದರು. ಹತ್ತು ಹನ್ನೊಂದು ವರ್ಷದ ಮಕ್ಕಳು ಮೊದಲ ಬಾರಿಗೆ ಪುಸ್ತಕ ಹಿಡಿಯುತ್ತಿದ್ದರು. ವಯಸ್ಸಿನ ಪ್ರಕಾರ ತರಗತಿ ಮಾಡಲು ಸಾಧ್ಯವಿರಲಿಲ್ಲ. ಆದ್ದರಿಂದ ಮಗುವಿಗೆ ಎಷ್ಟು ಬರುತ್ತದೆಯೋ ಅಲ್ಲಿಂದಲೇ ಪಾಠ ಆರಂಭಿಸುವ ಕ್ರಮವನ್ನು ಅನುಸರಿಸಲಾಯಿತು. ಕೊನೆಗೆ 1964ರ ಮೇ 25ರಂದು ಸುಪ್ರೀಂ ಕೋರ್ಟ್, ಪಾದ್ರಿ ಗ್ರಿಫಿನ್ ಅವರ ಕುಟುಂಬದ ಹೆಸರಿನ ದಾವೆಯಲ್ಲಿ, ಶಾಲೆ ಮುಚ್ಚಿದ್ದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. ಅಗತ್ಯವಾದರೆ ತೆರಿಗೆ ಹಾಕಿ ಶಾಲೆ ನಡೆಸುವಂತೆ ಮಂಡಳಿಗೆ ಆದೇಶಿಸಬಹುದು ಎಂದೂ ಹೇಳಿತು. ಆ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಶಾಲೆಗಳು ಮತ್ತೆ ತೆರೆದವು.

ತಡವಾಗಿ ಬಂದ ಪಶ್ಚಾತ್ತಾಪ

ಶಾಲೆ ತೆರೆಯಿತು, ಕಳೆದ ವರ್ಷಗಳು ಮರಳಲಿಲ್ಲ. 1959ರಲ್ಲಿ ಹನ್ನೆರಡು ವರ್ಷದವನಾಗಿದ್ದ ಹುಡುಗ 1964ರಲ್ಲಿ ಹದಿನೇಳರವನು. ಅಂಥ ಅನೇಕರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. 2003ರಲ್ಲಿ ವರ್ಜೀನಿಯಾ ಶಾಸನಸಭೆ ವಿಷಾದ ವ್ಯಕ್ತಪಡಿಸಿತು. ಮರುವರ್ಷ, ಓದು ತಪ್ಪಿದವರಿಗಾಗಿ ರಾಜ್ಯವು ವಿದ್ಯಾರ್ಥಿವೇತನ ಯೋಜನೆ ತಂದಿತು. ಅಜ್ಜ ಅಜ್ಜಿಯರಾಗಿದ್ದವರು ಆ ಹಣದಿಂದ ಮತ್ತೆ ಓದಲು ಕುಳಿತರು. 2008ರಲ್ಲಿ ಕೌಂಟಿಯ ಮೇಲ್ವಿಚಾರಕರ ಮಂಡಳಿಯೇ ತನ್ನ ಹಿಂದಿನ ಮಂಡಳಿಯ ಕೃತ್ಯಕ್ಕೆ ದುಃಖ ಸೂಚಿಸಿ, ನ್ಯಾಯಾಲಯದ ಗೋಪುರದಲ್ಲಿ ಸೌಹಾರ್ದದ ದೀಪ ಹಚ್ಚಿತು. ಹಳೆಯ ಮೋಟನ್ ಶಾಲೆ 2001ರಿಂದ ವಸ್ತುಸಂಗ್ರಹಾಲಯವಾಗಿದೆ.

ಬಾರ್ಬರಾ ಜಾನ್ಸ್ ಮುಂದೆ ಫಿಲಡೆಲ್ಫಿಯಾದಲ್ಲಿ ಶಾಲಾ ಗ್ರಂಥಪಾಲಕಿಯಾಗಿ ದುಡಿದು 1991ರಲ್ಲಿ ತೀರಿಕೊಂಡರು. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನಿಂತಿದ್ದ ರಾಬರ್ಟ್ ಲೀಯ ಪ್ರತಿಮೆಯನ್ನು 2020ರ ಡಿಸೆಂಬರ್‌ನಲ್ಲಿ ತೆಗೆಯಲಾಯಿತು. ಆ ಸ್ಥಾನಕ್ಕೆ ಆಯ್ಕೆಯಾದ ಬಾರ್ಬರಾ ಅವರ ಪ್ರತಿಮೆ 2025ರ ಡಿಸೆಂಬರ್‌ನಲ್ಲಿ ಅನಾವರಣಗೊಂಡಿತು.

ಪ್ರಿಯ ವಿದ್ಯಾರ್ಥಿಗಳೇ, ಈ ಕೌಂಟಿಯ ಚರಿತ್ರೆಯಿಂದ ಕಲಿಯಬೇಕಾದ ಪಾಠ ಸರಳ. ಒಂದು ಶಾಲೆ ಬೆಳೆಯಲು ತಲೆಮಾರುಗಳು ಬೇಕು, ಅದನ್ನು ನಿಲ್ಲಿಸಲು ಒಂದು ಸಂಜೆಯ ಸಭೆ ಸಾಕು. ಆದ್ದರಿಂದ ಪಾಠ ಕಲಿಯುವುದರ ಜೊತೆಗೆ, ನಮ್ಮ ಶಾಲೆಗೆ ಹಣ ಎಲ್ಲಿಂದ ಬರುತ್ತದೆ, ಅದನ್ನು ಯಾವ ಸಭೆ ಮಂಜೂರು ಮಾಡುತ್ತದೆ, ಆ ಸಭೆಗೆ ಯಾರನ್ನು ನಾವು ಆರಿಸಿ ಕಳುಹಿಸುತ್ತೇವೆ ಎಂಬುದನ್ನೂ ತಿಳಿದುಕೊಳ್ಳಿ. ನ್ಯಾಯಾಲಯ ಹಕ್ಕನ್ನು ಮರಳಿ ಕೊಡಬಲ್ಲದು, ಸರ್ಕಾರ ವಿದ್ಯಾರ್ಥಿವೇತನ ಕೊಡಬಲ್ಲದು. ಮಗುವಿನ ಏಳನೇ ವರ್ಷವನ್ನು ಮಾತ್ರ ಯಾರೂ ಮರಳಿ ಕೊಡಲಾರರು.