ಕಿರುಚುವ ಬೆಲ್ಟು ಮತ್ತು ನನ್ನ ಹಳೆಯ ಸಾಲ

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, ತನ್ನ ಟ್ರ್ಯಾಕ್ಟರನ್ನು ಬೆಳಿಗ್ಗೆ ಚಾಲೂ ಮಾಡಿದೊಡನೆ ಆಲ್ಟರ್ನೇಟರಿನ ಬೆಲ್ಟು ಕಿರುಚುವುದೆಂದೂ, ಇನ್ನಷ್ಟು ಬಿಗಿ ಮಾಡಲೇ ಎಂದೂ ಕೇಳಿದ. ‘ತಡೆ, ಈಗಲೇ ಬಿಗಿ ಮಾಡಬೇಡ’ ಎಂದೆ. ಆ ಕೂಗಿನ ವಿಷಯದಲ್ಲಿ ನನ್ನದೊಂದು ಹಳೆಯ ಸಾಲವಿದೆ. ಅದನ್ನು ಹೇಳುವ ಮೊದಲು ಬೆಲ್ಟಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ಮೇಷ್ಟರ ಚಾಳಿ, ಮನ್ನಿಸಬೇಕು.

ನನ್ನ ವಯಸ್ಸಿನವರು ಹಿಟ್ಟಿನ ಗಿರಣಿಯಲ್ಲಿ ಉದ್ದನೆಯ ಚಪ್ಪಟೆ ಬೆಲ್ಟನ್ನು ಕಂಡವರೇ. ಅದು ಜಾರತೊಡಗಿದರೆ ಗಿರಣಿಯವನು ರಾಳದ ಪುಡಿ ಉದುರಿಸುತ್ತಿದ್ದ. ಅಂತಹ ಬೆಲ್ಟು ಚಕ್ರದ ಬೆನ್ನನ್ನು ಮಾತ್ರ ಹಿಡಿಯುತ್ತದೆ. 1917ರಲ್ಲಿ ಅಮೆರಿಕದ ಡೆನ್ವರ್ ನಗರದ ಜಾನ್ ಗೇಟ್ಸ್ ಎಂಬವರು ರಬ್ಬರು ಮತ್ತು ನೂಲಿನ ‘ವಿ’ ಆಕಾರದ ಬೆಲ್ಟನ್ನು ರೂಪಿಸಿದರು. ಸೌದೆಯಲ್ಲಿ ಬೆಣೆ ಕಚ್ಚಿಕೊಳ್ಳುವಂತೆ ಇದು ಪುಲ್ಲಿಯ ಗಾಡಿಯೊಳಗೆ ಎರಡು ಪಕ್ಕಗಳಿಂದ ಕಚ್ಚಿಕೊಳ್ಳುತ್ತದೆ. ತಳ ಎಂದೂ ತಾಗಬಾರದು. ಪುಲ್ಲಿಯ ಗಾಡಿಯ ತಳ ಹೊಳೆಯುತ್ತಿದ್ದರೆ ಬೆಲ್ಟು ಸವೆದು ಕೆಳಗಿಳಿದಿದೆಯೆಂದೇ ಅರ್ಥ; ಆಮೇಲೆ ಎಷ್ಟು ಬಿಗಿದರೂ ಅದು ಜಾರುವುದೇ.

ಬೆಲ್ಟು ತಿರುಗಿಸುವ ಯಂತ್ರದ ಕಥೆ ಇನ್ನೂ ಸ್ವಾರಸ್ಯಕರ. ಹತ್ತನೆಯ ತರಗತಿಯಲ್ಲಿ ನಾನು ಡೈನಮೋ ಪಾಠ ಮಾಡುವಾಗ 1831ರ ಫ್ಯಾರಡೆಯ ಪ್ರಯೋಗದಿಂದ ಆರಂಭಿಸಿ ಶಿವನಸಮುದ್ರಕ್ಕೆ ಬರುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. 1902ರಲ್ಲಿಯೇ ಅಲ್ಲಿ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ್ದರು. ಹಾಗಿದ್ದ ಮೇಲೆ ಪರ್ಯಾಯ ವಿದ್ಯುತ್ತಿನ ಯಂತ್ರ ವಾಹನಗಳಿಗೆ ಬರಲು ಮತ್ತೆ ಆರು ದಶಕಗಳು ಏಕೆ ಬೇಕಾದವು? ಬ್ಯಾಟರಿಗೆ ನೇರ ವಿದ್ಯುತ್ತೇ ಬೇಕು. ಪರ್ಯಾಯ ವಿದ್ಯುತ್ತನ್ನು ನೇರಗೊಳಿಸುವ ಚಿಕ್ಕ, ಅಗ್ಗದ ಸಿಲಿಕಾನ್ ಡಯೋಡ್ ಬರುವವರೆಗೂ ಕಾಯಬೇಕಾಯಿತು. 1960ರ ಮಾದರಿಯ ಕ್ರೈಸ್ಲರ್ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನೇ ಅಳವಡಿಸಿದರು. ಟ್ರ್ಯಾಕ್ಟರುಗಳಿಗೆ ಅದು ಬಂದುದು ಆಮೇಲೆ. ನಮ್ಮ ಹಳ್ಳಿಗಳಲ್ಲಿ ಡೈನಮೋ ಬಹುಕಾಲ ಉಳಿಯಿತು.

ಡೈನಮೋ ಸಾಧು ಪ್ರಾಣಿ. ಎಂಜಿನ್ ನಿಧಾನವಾಗಿದ್ದಾಗ ಅದು ಹೆಚ್ಚೇನೂ ವಿದ್ಯುತ್ ಕೊಡದು, ಆದ್ದರಿಂದ ಬೆಲ್ಟನ್ನೂ ಪೀಡಿಸದು. ಆಲ್ಟರ್ನೇಟರ್ ಹಾಗಲ್ಲ. ಅದರ ಪುಲ್ಲಿ ಚಿಕ್ಕದು, ವೇಗ ಹೆಚ್ಚು. ಸ್ಟಾರ್ಟರ್ ತಿರುಗಿ ಬ್ಯಾಟರಿ ಸೊರಗಿದ ಕೂಡಲೇ ಅದನ್ನು ತುಂಬಲು ಪೂರ್ಣ ಬಲದಿಂದ ದುಡಿಯತೊಡಗುತ್ತದೆ. ಬೆಳಗಿನ ಆ ಮೊದಲ ಕಿರುಚಾಟ ಅಲ್ಲಿಯದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲವಾದ್ದರಿಂದ ಹಳೆಯ ಟ್ರ್ಯಾಕ್ಟರ್ ಒಮ್ಮೆ ಹೊರಟರೆ ವಿದ್ಯುತ್ತಿಲ್ಲದೆಯೂ ಓಡುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಚಾಲೂ ಮಾಡಿಕೊಳ್ಳುವ ರೈತರು ಆಲ್ಟರ್ನೇಟರನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆದರೆ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತದೆ. ನಾನು ಎಡವಿದ್ದು ಇಲ್ಲಿಯೇ.

1987, ದೇಶದ ಬಹುಭಾಗಕ್ಕೆ ಬರ ಬಂದ ವರ್ಷ. ಚಳ್ಳಕೆರೆ ಸೀಮೆಯ ನಮ್ಮ ಹೊಲ ಕೆಂಪು ನೆಲ, ಶೇಂಗಾ ಬೆಳೆ. ಮಳೆ ಬಿದ್ದರೆ ಹದ ನಿಲ್ಲುವುದು ಕೆಲವೇ ದಿನ. ತಮ್ಮನ ಟ್ರ್ಯಾಕ್ಟರಿನ ಡೈನಮೋ ತೆಗೆಸಿ ಆಗಷ್ಟೇ ಆಲ್ಟರ್ನೇಟರ್ ಹಾಕಿಸಿದ್ದೆವು, ಅಂದಿನಿಂದಲೇ ಕೂಗು. ಗ್ಯಾರೇಜಿನಲ್ಲಿದ್ದ ಹುಡುಗನೊಬ್ಬನನ್ನು ಕರೆಸಿದೆ. ಅವನು ಎಸ್.ಎಸ್.ಎಲ್.ಸಿ.ಯಲ್ಲಿ ನನ್ನ ವಿಷಯದಲ್ಲಿಯೇ ನಪಾಸಾದವನು. ಓಡುತ್ತಿದ್ದ ಬೆಲ್ಟಿನ ಮೇಲೆ ದೂರದಿಂದಲೇ ನೀರು ಚಿಮುಕಿಸಿದ. ಕೂಗು ಕ್ಷಣಕಾಲ ಅಡಗಿತು. ‘ಮೇಷ್ಟ್ರೇ, ನೀರಿಗೆ ಸದ್ದು ಜಾಸ್ತಿಯಾದರೆ ಬಿಗಿ ಸಾಲದು ಅಂತ. ಅಡಗಿದರೆ ಪುಲ್ಲಿ ಸಾಲು ತಪ್ಪಿದೆ ಅಂತ. ಬಿಚ್ಚಿ ವಾಷರ್ ಕೊಡಬೇಕು, ಪೇಟೆಯಿಂದ ತರ್ತೀನಿ’ ಎಂದ.

ನನಗೆ ಅರ್ಧ ದಿನ ಕಾಯುವ ತಾಳ್ಮೆ ಇರಲಿಲ್ಲ. ಅವನಿಗೇ ಘರ್ಷಣೆಯ ಪಾಠ ಹೇಳಿ, ಆಲ್ಟರ್ನೇಟರಿನ ಮೈಗೆ ಹಾರೆ ಕೊಟ್ಟು ಮೀಟಿ, ತಂತಿ ವಾದ್ಯದಂತೆ ಬಿಗಿದು ಬೋಲ್ಟು ಕೂರಿಸಿದೆ. ಸದ್ದು ತಗ್ಗಿತು. ‘ಇಷ್ಟು ಬಿಗಿ ಬೇಡ ಮೇಷ್ಟ್ರೇ’ ಎಂದ ಹುಡುಗ ಸೈಕಲ್ ಹತ್ತಿ ಹೋದ.

ಮೂರನೆಯ ದಿನ ಮಳೆ ಬಂತು. ಮರುದಿನ ಹೊಲದ ನಡುವೆ ನೀರಿನ ಪಂಪಿನ ಬೇರಿಂಗ್ ಒಡೆಯಿತು, ನೀರು ಸೋರಿತು, ತಮ್ಮ ನೋಡುವಷ್ಟರಲ್ಲಿ ಎಂಜಿನ್ ಕಾದು ನಿಂತಿತ್ತು. ಪಂಪು ಬಂದು ಜೋಡಿಸುವ ಹೊತ್ತಿಗೆ ಹದ ಆರಿತ್ತು. ಮುಂದಿನ ಮಳೆ ತಡವಾಗಿ ಬಂತು. ಅರ್ಧ ಹೊಲ ಬಿತ್ತನೆಯಾಗದೆಯೇ ಉಳಿಯಿತು. ತಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ‘ರಜೆ ಎಂದಿಗೆ ಮುಗೀತದೆ ಅಣ್ಣಾ?’ ಎಂದಷ್ಟೇ ಕೇಳಿದ.

ಪಂಪು ಜೋಡಿಸಲು ಬಂದವನೂ ಆ ಹುಡುಗನೇ. ಗಾರೆಯವರಂತೆ ಪುಲ್ಲಿಯಿಂದ ಪುಲ್ಲಿಗೆ ದಾರ ಹಿಡಿದು ತೋರಿಸಿದ. ಡೈನಮೋಗೆಂದು ಮಾಡಿದ್ದ ಬ್ರಾಕೆಟ್ಟಿನಲ್ಲಿ ಆಲ್ಟರ್ನೇಟರ್ ಎರಡು ವಾಷರಿನಷ್ಟು ಹಿಂದೆ ಕೂತಿತ್ತು. ಎರಡು ವಾಷರ್ ಕೊಟ್ಟ, ಹೊಸ ಬೆಲ್ಟು ಹಾಕಿದ, ಉದ್ದನೆಯ ಭಾಗದ ನಡುವೆ ಹೆಬ್ಬೆರಳಿಂದ ಒತ್ತಿ ಅರ್ಧ ಅಂಗುಲ ಬಗ್ಗುವಂತೆ ಬಿಗಿದ. ಚಾಲೂ ಮಾಡಿದರೆ ಎಂಜಿನ್ನಿನ ಸದ್ದು ಮಾತ್ರ. ಕೂಲಿ ಕೊಡಹೋದರೆ ನನ್ನಿಂದ ತೆಗೆದುಕೊಳ್ಳದೆ, ತಮ್ಮನಿಂದ ತೆಗೆದುಕೊಂಡ.

ಮೊದಲು ಹೇಳಿದ ವಿದ್ಯಾರ್ಥಿ ನಿನ್ನೆ ಮತ್ತೆ ಕರೆ ಮಾಡಿದ್ದ. ಎಂಜಿನ್ ಆರಿಸಿ, ಬೆಲ್ಟು ಕಳಚಿ ನೋಡಿದನಂತೆ. ಸಾಲು ಸರಿಯಿದೆ, ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುತ್ತಿದೆ. ಹೊಸ ಬೆಲ್ಟು ತರಲು ಪೇಟೆಗೆ ಹೊರಟಿದ್ದ. ಒಂದೆರಡು ದಿನ ಓಡಿಸಿದ ಮೇಲೆ ಬಿಗಿಯನ್ನು ಇನ್ನೊಮ್ಮೆ ನೋಡು ಎಂದಿದ್ದೇನೆ, ಹೆಬ್ಬೆರಳಿನಿಂದ.