ಕೋಷ್ಟಕಗಳ ಜೋಡಣೆ: ಹೊಸೂರು–ಕೃಷ್ಣಗಿರಿ ಸೀಮೆಯ ಜಮೀನು ಲೆಕ್ಕಗಳಲ್ಲಿ

ಎರಡು ಕೋಷ್ಟಕಗಳಲ್ಲಿ ಹಂಚಿಹೋಗಿರುವ ವಿವರಗಳನ್ನು, ಎರಡರಲ್ಲೂ ಇರುವ ಒಂದು ಗುರುತನ್ನು ಹಿಡಿದು ಒಂದೇ ಸಾಲಿಗೆ ತರುವ ಕೆಲಸ. ಈಗ ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟುಗಳಲ್ಲಿ ಒಂದು ಸೂತ್ರ ಬರೆದರೆ ಆಗುವ ಈ ಕೆಲಸ, ಈಗ ತಮಿಳುನಾಡಿನಲ್ಲಿರುವ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಕಂದಾಯದ ಪುಸ್ತಕಗಳಲ್ಲಿ ಕಂಪ್ಯೂಟರ್ ಬರುವ ಮುಂಚೆ ಬಹುಕಾಲ ಕೈಯಲ್ಲೇ ನಡೆದಿತ್ತು.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕೃಷ್ಣಗಿರಿ ಅದರೊಳಗಿತ್ತು, ಘಟ್ಟದ ಮೇಲಿನ ಹೊಸೂರು ಕಂಪನಿಯ ಕೈಗೆ ಬಂದದ್ದು 1799ರಲ್ಲಿ. ಬಾರಾಮಹಲಿನ ಆಡಳಿತ ವಹಿಸಿಕೊಂಡ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ, ಉಳುವವನ ಮೇಲೆ ನೇರವಾಗಿ ಕಂದಾಯ ಕಟ್ಟಿದರು. ರೈತವಾರಿ ಎಂದು ಹೆಸರಾದ ಪದ್ಧತಿ ಬೆಳೆದದ್ದು ಇಲ್ಲಿ. ಜಮೀನ್ದಾರಿಯಲ್ಲಿ ಸರ್ಕಾರಕ್ಕೆ ಜಮೀನ್ದಾರನೊಬ್ಬನ ಲೆಕ್ಕ ಸಾಕು. ರೈತವಾರಿಯಲ್ಲಿ ಹಾಗಲ್ಲ: ಹೊಲದ ಲೆಕ್ಕ ಬೇರೆ, ರೈತನ ಲೆಕ್ಕ ಬೇರೆ, ಎರಡನ್ನೂ ತಾಳೆ ಹಾಕದೆ ಯಾರಿಂದ ಎಷ್ಟು ವಸೂಲಿ ಎಂಬುದು ಗೊತ್ತಾಗದು. ಕೋಷ್ಟಕಗಳ ಜೋಡಣೆ ಈ ಸೀಮೆಯಲ್ಲಿ ದಿನನಿತ್ಯದ ಆಡಳಿತವಾಗಲು ಇದೇ ಕಾರಣ ಎನ್ನಬೇಕು.

ಮುಂದೆ ಸರ್ವೆ ನಂಬರುಗಳು ಬಂದಮೇಲೆ ಈ ಏರ್ಪಾಡು ಗಟ್ಟಿಯಾಯಿತು. ತಮಿಳುನಾಡಿನ ಗ್ರಾಮಲೆಕ್ಕದಲ್ಲಿ ಎ ರಿಜಿಸ್ಟರು ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ತರ (ಮಣ್ಣಿನ ದರ್ಜೆ), ತೀರ್ವೆ (ಕಂದಾಯ) ಮತ್ತು ಪಟ್ಟಾ (ಹಕ್ಕುಪತ್ರ) ನಂಬರನ್ನು ಹೇಳುತ್ತದೆ. ಎರಡನೇ ನಂಬರಿನ ಲೆಕ್ಕವಾದ ಅಡಂಗಲ್ ಆ ಹೊಲದಲ್ಲಿ ಈ ವರ್ಷ ಇರುವುದು ರಾಗಿಯೋ ಮಾವೋ ಎಂದು ತೋರಿಸುತ್ತದೆ. ಹತ್ತನೇ ಲೆಕ್ಕವಾದ ಚಿಟ್ಟಾ ಪಟ್ಟಾದಾರನ ಹೆಸರಿನಡಿ ಅವನ ಸರ್ವೆ ನಂಬರುಗಳನ್ನೆಲ್ಲ ಪಟ್ಟಿಮಾಡುತ್ತದೆ. ಕರಣಂ, ಕನ್ನಡಿಗರ ಬಾಯಲ್ಲಿ ಶಾನುಭೋಗ, ಇವನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಬರೆಯುತ್ತಿದ್ದ. ತಪ್ಪು ಬಯಲಾಗುತ್ತಿದ್ದುದು ವರ್ಷಕ್ಕೊಮ್ಮೆ ನಡೆಯುವ ಲೆಕ್ಕ ತಪಾಸಣೆಯಾದ ಜಮಾಬಂದಿಯಲ್ಲಿ. ವಂಶಪಾರಂಪರ್ಯದ ಕರಣಂ ಹುದ್ದೆಯನ್ನು ತಮಿಳುನಾಡು 1980ರಲ್ಲಿ ರದ್ದುಮಾಡಿತು. 1979ರಿಂದ 1987ರವರೆಗೆ ನಡೆದ ಭೂದಾಖಲೆ ಪರಿಷ್ಕರಣೆ ಆ ಹಳೆಯ ಪುಸ್ತಕಗಳನ್ನು ಹೊಸದಾಗಿ ಬರೆಸಿತು. ಹಳೆಯ ಕ್ರಯಪತ್ರದಲ್ಲಿ ಒಂದು ಸರ್ವೆ ನಂಬರು, ಹೊಸ ಪಟ್ಟಾದಲ್ಲಿ ಇನ್ನೊಂದು ಇರುವಲ್ಲಿ, ಹಳೆಯದಕ್ಕೆ ಹೊಸದು ಯಾವುದೆಂದು ಹೇಳುವ ಮೂರನೆಯದೊಂದು ಪಟ್ಟಿ ನಡುವೆ ಬೇಕಾಗುತ್ತದೆ.

ಗಡಿಸೀಮೆಯಲ್ಲಿ ಹೆಸರನ್ನು ನಂಬಿ ಜೋಡಿಸಿದರೆ ಕೆಲಸ ಕೆಡುತ್ತದೆ. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ದಾಖಲೆ ಮಾತ್ರ ತಮಿಳಿನಲ್ಲಿ. ತಮಿಳು ಲಿಪಿಯಲ್ಲಿ ಪ–ಬ, ಕ–ಗಗಳಿಗೆ ಬೇರೆಬೇರೆ ಅಕ್ಷರವಿಲ್ಲ. ಹಾಗಾಗಿ ಬಸಪ್ಪ ಚಿಟ್ಟಾದಿಂದ ಇಂಗ್ಲಿಷಿಗೆ ಬರುವಾಗ ಪಸಪ್ಪನಾಗಬಹುದು, ಗುಂಡಪ್ಪ ಕುಂಡಪ್ಪನಾಗಬಹುದು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದೇ ಹೆಸರು ಸರಿಯಾಗಿಯೇ ಇರಬಹುದು. ಕಂಪ್ಯೂಟರಿಗೆ ಇವರು ಇಬ್ಬರು. ಊರಿನವರನ್ನು ಹೆಸರು ಹಿಡಿದು ಬಲ್ಲ ಕರಣಂಗೆ ಈ ತೊಡಕಿರಲಿಲ್ಲ. ವರ್ಷಕ್ಕೆ 6,000 ರೂಪಾಯಿಯ ಪಿಎಂ–ಕಿಸಾನ್‌ನಂಥ, ಆಧಾರ್, ಬ್ಯಾಂಕ್ ಖಾತೆ, ಜಮೀನು ಮೂರನ್ನೂ ತಾಳೆ ನೋಡುವ ಯೋಜನೆಗಳು ಬಂದಮೇಲೆ ಒಂದಕ್ಷರದ ವ್ಯತ್ಯಾಸಕ್ಕೂ ಬೆಲೆ ಬಂದಿದೆ.

ಹೊರಜಗತ್ತಿನಲ್ಲಿ ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿ ಈ ಕೆಲಸಕ್ಕೆ ಗಣಿತದ ತಳಹದಿ ಹಾಕಿತು. 1979ರ ವಿಸಿಕ್ಯಾಲ್ಕ್ ಸ್ಪ್ರೆಡ್‌ಶೀಟಿನಲ್ಲಿ ಲುಕಪ್ ಇತ್ತು. 1983ರ ಲೋಟಸ್ 1-2-3ರಲ್ಲಿದ್ದ ವಿಲುಕಪ್ ಎಕ್ಸೆಲ್ ಮೂಲಕ ಕಚೇರಿ ಕಚೇರಿಗೂ ಹಬ್ಬಿತು. ಎರಡು ದೋಷ ಅದರ ಜೊತೆಗೇ ಬಂದವು: ಹುಡುಕುವ ಕಾಲಂ ಎಡತುದಿಯಲ್ಲೇ ಇರಬೇಕು, ಕೊನೆಯಲ್ಲಿ ಫಾಲ್ಸ್ ಎಂದು ಹಾಕದಿದ್ದರೆ ಹತ್ತಿರದ ಮೌಲ್ಯವನ್ನೇ ಉತ್ತರವೆಂದು ಕೊಟ್ಟುಬಿಡುತ್ತದೆ. ಬೇರೆ ರೈತನ ವಿಸ್ತೀರ್ಣ ತಂದು ಕೂರಿಸಿದರೂ ಯಾವ ಎಚ್ಚರಿಕೆಯೂ ಕಾಣದು. ಇಂಡೆಕ್ಸ್–ಮ್ಯಾಚ್ ಜೋಡಿ ಮೊದಲ ದೋಷವನ್ನು ನೀಗಿತು, 2019ರಲ್ಲಿ ಪ್ರಕಟವಾದ ಎಕ್ಸ್‌ಲುಕಪ್ ಎರಡನ್ನೂ. ಸಾವಿರಾರು ಸಾಲುಗಳಿದ್ದರೆ ಎಕ್ಸೆಲ್ 2016ರಿಂದ ಒಳಗೇ ಸೇರಿರುವ ಪವರ್ ಕ್ವೆರಿಯ ಮರ್ಜ್ ಅನುಕೂಲ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಸಾಲುಗಳನ್ನೂ ಅದು ಪ್ರತ್ಯೇಕವಾಗಿ ಎತ್ತಿಕೊಡುತ್ತದೆ. ಕಂದಾಯದ ಕೆಲಸದಲ್ಲಿ ಮೊದಲು ನೋಡಬೇಕಾದದ್ದೂ ಅವನ್ನೇ.

ಸರ್ವೆ ನಂಬರು ಊರೂರಿಗೂ ಒಂದರಿಂದಲೇ ಶುರುವಾಗುವುದರಿಂದ ಅದೊಂದೇ ಸಾಲದು. ಗ್ರಾಮದ ಸಂಕೇತ, ಸರ್ವೆ ನಂಬರು, ಉಪವಿಭಾಗ ಮೂರೂ ಸೇರಿದರೆ ನಂಬಬಹುದಾದ ಗುರುತು ಸಿಗುತ್ತದೆ. 10/2 ಎಂಬ ಉಪವಿಭಾಗವನ್ನು ಹಾಗೇ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಫೆಬ್ರವರಿ 10 ಎಂಬ ತಾರೀಖಾಗಿಸುತ್ತದೆ, ಆಮೇಲೆ ಯಾವ ಸೂತ್ರಕ್ಕೂ ಅದು ಹೊಂದದು. ಇದೇ ಕಾಟಕ್ಕೆ ಬೇಸತ್ತು ವಿಜ್ಞಾನಿಗಳು 2020ರಲ್ಲಿ ಮನುಷ್ಯನ ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಿದರು. ಸರ್ವೆ ನಂಬರನ್ನು ಬದಲಿಸುವಂತಿಲ್ಲವಾದ್ದರಿಂದ, ನಮೂದಿಸುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಆಗಿ ಗುರುತಿಸಿಕೊಳ್ಳಬೇಕು.