ಹೊಲ ಕಾಯುವ ಕಾಡುಬೆಕ್ಕು, ಅದರ ಚರ್ಮದ ಕಥೆ

ಹೆಸರು ಕಾಡುಬೆಕ್ಕು. ಆದರೆ ಇದಕ್ಕೆ ದಟ್ಟ ಕಾಡಿಗಿಂತ ಕೆರೆ ಅಂಚಿನ ಜೊಂಡು, ಕುರುಚಲು ಪೊದೆ, ಕಬ್ಬಿನ ಗದ್ದೆಯೇ ಇಷ್ಟ. ಮನೆ ಬೆಕ್ಕಿಗಿಂತ ದೊಡ್ಡದು, ಕಾಲು ಉದ್ದ, ಬಾಲ ಗಿಡ್ಡ. ಬಾಲದ ತುದಿಯಲ್ಲಿ ಕಪ್ಪು ಬಳೆ, ಕಿವಿ ತುದಿಯಲ್ಲಿ ಸಣ್ಣ ಕೂದಲ ಕುಚ್ಚು. ಮೈ ಮಣ್ಣಿನ ಬಣ್ಣ.

ಮನುಷ್ಯನಿಗೂ ಇದಕ್ಕೂ ಹಳೇ ನಂಟು. ಪ್ರಾಚೀನ ಈಜಿಪ್ಟಿನವರು ಬೆಕ್ಕುಗಳ ಶವ ಕೆಡದಂತೆ ಬಟ್ಟೆ ಸುತ್ತಿ ಇಡುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಬೇರೆ ಜಾತಿಯವು, ಕೆಲವು ಮಾತ್ರ ಕಾಡುಬೆಕ್ಕು. ವಿಜ್ಞಾನದ ಪುಸ್ತಕಕ್ಕೆ ಇದು ಸೇರಿದ್ದು 1776ರಲ್ಲಿ. ರಷ್ಯಾದ ಪರವಾಗಿ ಕಾಕಸಸ್ ಸೀಮೆ ಸುತ್ತಿದ ಗ್ಯುಲ್ಡೆನ್‌ಸ್ಟೆಟ್ ಎಂಬ ಪಂಡಿತ, ಟೆರೆಕ್ ನದಿ ಬಳಿ ಸಿಕ್ಕ ಬೆಕ್ಕಿನ ವಿವರ ಬರೆದ. ಇವತ್ತು ಅದರ ಶಾಸ್ತ್ರೀಯ ಹೆಸರು ಫೆಲಿಸ್ ಚೌಸ್.

ನಮ್ಮ ದೇಶದಲ್ಲಿ ಇದರ ಇತಿಹಾಸ ಇಷ್ಟು ಸುಖದ್ದಲ್ಲ. ಹೊರದೇಶದವರ ಕೋಟುಗಳಿಗಾಗಿ ಭಾರತದಿಂದ ಕಾಡುಬೆಕ್ಕಿನ ಚರ್ಮ ರಫ್ತಾಗುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1979ರಲ್ಲಿ ರಫ್ತಿಗೆ ನಿಷೇಧ ಬಿತ್ತು. ಆಗ ವ್ಯಾಪಾರಿಗಳು ತಾವೇ ಘೋಷಿಸಿದ ದಾಸ್ತಾನಿನಲ್ಲಿದ್ದ ಚರ್ಮ 3 ಲಕ್ಷಕ್ಕೂ ಹೆಚ್ಚು!

ಇದರಿಂದ ರೈತನಿಗೇನು ನಷ್ಟ ಎಂದು ಕೇಳಬಹುದು. ರಾಜಸ್ಥಾನದ ಸರಿಸ್ಕಾದಲ್ಲಿ ಅಧ್ಯಯನ ಮಾಡಿದವರ ಅಂದಾಜಿನಂತೆ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ. ಮೂರೇ ಎಂದು ಹಿಡಿದರೂ 3 ಲಕ್ಷ ಬೆಕ್ಕಿಗೆ ದಿನಕ್ಕೆ 9 ಲಕ್ಷ ಇಲಿ. ಆ ಚರ್ಮಗಳ ಜೊತೆ ಹೊಲದ ಕಾವಲೂ ಹೋಯಿತು.

ಈಗ ಚರ್ಮದ ಬಹಿರಂಗ ಪೇಟೆ ಇಲ್ಲ. ಆದರೆ ಉರುಳು, ಇಲಿ ಪಾಷಾಣ, ರಾತ್ರಿ ರಸ್ತೆಯ ವಾಹನ ಇವೆ. ಕೋಳಿ ಹಿಡಿಯುತ್ತದೆಂಬ ಸಿಟ್ಟೂ ಇದೆ. ಆ ಸಿಟ್ಟು ಸುಳ್ಳಲ್ಲ, ಗೂಡು ಸಡಿಲ ಇದ್ದರೆ ಕೋಳಿ ಹೋಗುತ್ತದೆ. ಅದಕ್ಕೆ ಮದ್ದು ಗಟ್ಟಿ ಜಾಲರಿ, ಉರುಳಲ್ಲ. ಇದನ್ನು ಕೊಲ್ಲುವುದು ಕಾನೂನಿನಲ್ಲಿ ಅಪರಾಧ ಕೂಡ.

ಇನ್ನೊಂದು ಮಾತು. ಕಬ್ಬು ಕಡಿಯುವಾಗ ಮರಿ ಕಂಡರೆ ಚಿರತೆ ಮರಿಯೆಂದು ಗಾಬರಿಯಾಗಬೇಡಿ, ಎತ್ತಿಕೊಂಡು ಸೆಲ್ಫಿಯನ್ನೂ ತೆಗೆಯಬೇಡಿ. ಚಿರತೆ ಮರಿಗೆ ಮೈತುಂಬ ಒತ್ತಾದ ಚುಕ್ಕಿ, ಉದ್ದ ಬಾಲ ಇರುತ್ತದೆ. ಯಾವುದೇ ಮರಿಯಾಗಲಿ, ಮುಟ್ಟದೆ ಆ ಜಾಗದಲ್ಲಿ ಕೆಲಸ ನಿಲ್ಲಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸಿ. ಜನ, ನಾಯಿ ದೂರ ಇದ್ದರೆ ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುವ ಸಾಧ್ಯತೆಯೇ ಹೆಚ್ಚು.